ಸೂಜಿ ಹಾಕಿಸಿದ ರಾತ್ರಿ

ಮಳವಳ್ಳಿ ತಾಲ್ಲೂಕಿನ ಬೆಳಕವಾಡಿ ಕಡೆ ಗುರುವಾರವೆಂದರೆ ಮಕ್ಕಳಿಗೆ ಸೂಜಿ ಹಾಕಿಸುವ ದಿನ. ಒಂದೂವರೆ ತಿಂಗಳ ಕೂಸಿಗೆ ಪೆಂಟಾ ಲಸಿಕೆ ಹಾಕಿಸಿದರೆ ರಾತ್ರಿ ಮೈ ಸುಡಬಹುದು, ಚುಚ್ಚಿದ ತೊಡೆ ಗಟ್ಟಿಯಾಗಬಹುದು. ‘ಚೆಂದಾಗಿದ್ ಮಗೀಗೆ ಜರ ಬರುಸ್ಕೊಂಡ್ ಬಂದಲ್ಲವ್ವ’ ಎಂದು ಅತ್ತೆ ಅಂದರೆ ಸಾಕು, ಎರಡೂವರೆ ತಿಂಗಳ ಡೋಸಿಗೆ ಹೋಗಲು ಸೊಸೆಯ ಕಾಲು ಏಳುವುದಿಲ್ಲ. ಲಸಿಕೆಯ ಮೇಲಿನ ನಂಬಿಕೆ ಗಟ್ಟಿಯಾಗುವುದೋ ಮುರಿಯುವುದೋ ಆ ರಾತ್ರಿಯಲ್ಲೇ ಎಂದು ನಾನು ನಂಬಿದ್ದೇನೆ.

ಈ ಅಳುಕು ಹಳೆಯದು. ಸಿಡುಬು ಎದ್ದರೆ ‘ಅಮ್ಮ ಬಂದವ್ಳೆ’ ಎಂದು ಬೇವಿನ ಸೊಪ್ಪು ಕಟ್ಟುತ್ತಿದ್ದ ಸೀಮೆ ಇದು. 1805ರ ಸುಮಾರಿಗೆ ಥಾಮಸ್ ಹಿಕ್ಕಿ ಬರೆದ ಚಿತ್ರವೊಂದರಲ್ಲಿ ಮೈಸೂರು ಅರಮನೆಯ ಮೂವರು ಹೆಂಗಸರಿದ್ದಾರೆ; ಒಬ್ಬಾಕೆ ಸೆರಗು ಸರಿಸಿ ತೋಳು ತೋರುತ್ತಿದ್ದಾಳೆ. ಆಕೆ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ, ತೋರುತ್ತಿರುವುದು ಸಿಡುಬಿನ ಲಸಿಕೆ ಹಾಕಿಸಿಕೊಂಡ ಜಾಗ ಎಂಬುದು ಇತಿಹಾಸಕಾರ ನೈಜೆಲ್ ಚಾನ್ಸಲರ್ ಅವರ ವಾದ. ನನಗದು ಒಪ್ಪಿಗೆ. ಈಸ್ಟ್ ಇಂಡಿಯಾ ಕಂಪನಿಯ ಡಾಕ್ಟರನ ಮಾತಿಗೆ ಬಗ್ಗದವರು ರಾಣಿಯ ತೋಳು ಕಂಡು ಒಪ್ಪಿಯಾರು.

2017ರ ಫೆಬ್ರುವರಿಯಲ್ಲಿ ದಡಾರ–ರುಬೆಲ್ಲಾ ಅಭಿಯಾನ ಶುರುವಾದಾಗ ವಾಟ್ಸ್‌ಆ್ಯಪ್‌ನಲ್ಲಿ ವದಂತಿಗಳು ಹರಿದಾಡಿದವು. ಆದರೂ ನಮ್ಮವರು ಬೆನ್ನು ತಿರುಗಿಸಲಿಲ್ಲ. ಒಂದರಿಂದ ಎರಡು ವರ್ಷದ ಮಕ್ಕಳಲ್ಲಿ ಪೂರ್ತಿ ಲಸಿಕೆ ಪಡೆದವರು ರಾಷ್ಟ್ರೀಯ ಕುಟುಂಬ ಆರೋಗ್ಯದ ನಾಲ್ಕನೇ ಸಮೀಕ್ಷೆಯಲ್ಲಿ ರಾಜ್ಯದಲ್ಲಿ ಸುಮಾರು ಶೇ 63 ಇದ್ದರು. ಐದನೆಯದರಲ್ಲಿ ಶೇ 84.

ಆದರೆ ಓದು, ಆಸ್ಪತ್ರೆ ಎಲ್ಲವೂ ಇರುವ ಫ್ರಾನ್ಸಿನಲ್ಲಿ 2018ರ ವೆಲ್‌ಕಮ್ ಸಮೀಕ್ಷೆಗೆ ಉತ್ತರಿಸಿದ ಮೂವರಲ್ಲಿ ಒಬ್ಬರು ಲಸಿಕೆ ಸುರಕ್ಷಿತವೆಂದು ಒಪ್ಪಲಿಲ್ಲ. ಬಾಂಗ್ಲಾದೇಶ, ರುವಾಂಡಾಗಳಲ್ಲಿ ಹೆಚ್ಚೂಕಡಿಮೆ ಎಲ್ಲರೂ ಒಪ್ಪಿದರು. ಡಿಫ್ತೀರಿಯಾದಲ್ಲಿ ಗಂಟಲು ಕಟ್ಟಿದ ಮಗುವನ್ನು ಕಂಡವರಿಗೂ ಕಾಣದವರಿಗೂ ಇರುವ ಅಂತರ ಇದು ಎನಿಸುತ್ತದೆ.

ನಮ್ಮಲ್ಲಿ ಡೋಸು ತಪ್ಪುವುದಕ್ಕೆ ಬೇರೆ ಕಾರಣಗಳೂ ಇವೆ. ಕೂಲಿ ಬಿಟ್ಟು ಬರಲಾಗದ ತಾಯಿ; ಕಬ್ಬು ಕಡಿಯಲು, ಆಲೆಮನೆಯಲ್ಲಿ ದುಡಿಯಲು ಹೊರಗಿನಿಂದ ಬಂದು, ಲಸಿಕೆಯ ಲೆಕ್ಕ ಬರೆದ ತಾಯಿ ಕಾರ್ಡನ್ನು ಊರಲ್ಲೇ ಬಿಟ್ಟ ಸಂಸಾರ. ದಡಾರ ಹಬ್ಬದಂತೆ ತಡೆಯಲು ನೂರಕ್ಕೆ 95 ಮಕ್ಕಳಿಗೆ ಲಸಿಕೆ ಆಗಿರಬೇಕು. ಆ ಲೆಕ್ಕ ತುಂಬಬೇಕಾದರೆ ಆಶಾ ಕಾರ್ಯಕರ್ತೆ ಆಲೆಮನೆಯ ಗುಡಿಸಲಿಗೂ ಹೋಗಬೇಕು. ಜ್ವರ ಬರಬಹುದೆಂದು ಮೊದಲೇ ಹೇಳಿ, ಮಾರನೆ ದಿನ ಮತ್ತೆ ಹೋಗಿ ‘ಮಗ ಎಂಗದೆ?’ ಎಂದು ಕೇಳಬೇಕು. ಅಷ್ಟು ತಿರುಗಾಡುವ ಆಕೆಗೆ ತಕ್ಕ ಸಂಬಳವನ್ನೂ ಸರ್ಕಾರ ಕೊಡಬೇಕು.