ರವೆಲ್ಲೊ: ಕಡಲನ್ನು ನೋಡಿದ ಎರಡು ಬಗೆ

ಇಟಲಿಯ ಅಮಾಲ್ಫಿ ಕರಾವಳಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 350 ಮೀಟರ್ ಎತ್ತರದಲ್ಲಿರುವ ರವೆಲ್ಲೊ ಊರಿಗೆ ಇಂದು ಜನರು ಬರುವುದು ಕಡಲಿನ ಚೆಲುವನ್ನು ಕಾಣಲು. ಮಧ್ಯಯುಗದಲ್ಲಿ ಅದೇ ಕಡಲು ಇಲ್ಲಿನ ವರ್ತಕರ ಬದುಕಾಗಿತ್ತು. ಬೊಕಾಚಿಯೊನ ‘ಡೆಕಮೆರಾನ್’ ಕೃತಿಯ ಎರಡನೆಯ ದಿನದ ನಾಲ್ಕನೆಯ ಕಥೆಯ ನಾಯಕ ಲಾಂಡೊಲ್ಫೊ ರೂಫೊಲೊ ಈ ಊರಿನವನು. ಇದ್ದ ಸಿರಿಯನ್ನು ಇಮ್ಮಡಿಗೊಳಿಸಲು ಹೊರಟು ಕಳೆದುಕೊಳ್ಳುತ್ತಾನೆ, ಕಡಲ್ಗಳ್ಳನಾಗುತ್ತಾನೆ, ಜಿನೋವಾದವರ ಸೆರೆಯಾಳಾಗುತ್ತಾನೆ. ಹಡಗು ಒಡೆದಾಗ ಪೆಟ್ಟಿಗೆಯೊಂದನ್ನು ಅಪ್ಪಿ ತೇಲಿದವನನ್ನು ಕಾರ್ಫು ದ್ವೀಪದ ಬಡ ಹೆಂಗಸೊಬ್ಬಳು ಬದುಕಿಸುತ್ತಾಳೆ. ಪೆಟ್ಟಿಗೆಯಲ್ಲಿದ್ದುದು ರತ್ನಗಳು! ಲೋಭಕ್ಕೆ ದೊರೆತ ದಂಡನೆಯ ಕಥೆಯೆಂದು ಓದಹೊರಟವರಿಗೆ ಇದು ಕೈಕೊಡುತ್ತದೆ.

ಆ ಮನೆತನದ ಹೆಸರು ಹೊತ್ತ ವಿಲ್ಲಾ ರೂಫೊಲೊ ಈಗಲೂ ಇದೆ. ಐದು ಶತಮಾನಗಳ ಬಳಿಕ, 1880ರಲ್ಲಿ, ಅದರ ತೋಟವನ್ನು ಕಂಡ ಜರ್ಮನ್ ಸಂಗೀತಕಾರ ವಾಗ್ನರ್‌ಗೆ ‘ಪಾರ್ಸಿಫಾಲ್’ ಗೀತನಾಟಕದ ಮಾಯಾವನ ಅಲ್ಲಿ ದೊರೆಯಿತು.

ಮೆಟ್ಟಿಲುದಾರಿಯಲ್ಲಿ ಇಳಿದರೆ ಅತ್ರಾನಿ, ಅದರಾಚೆ ಅಮಾಲ್ಫಿ. ಒಂದು ದಿನದ ತಿರುಗಾಟಕ್ಕೆ ಇಷ್ಟು ಸಾಕು. ಬಸ್ಸಿಗಿಂತ ನಡಿಗೆಯೇ ಲೇಸು. ಕಡಿದಾದ ಇಳಿಜಾರಿನಲ್ಲಿ ಗಾರೆಯಿಲ್ಲದ ಕಲ್ಲುಗೋಡೆಗಳು ನಿಂಬೆತೋಟಗಳ ಮಣ್ಣನ್ನು ಹಿಡಿದು ನಿಂತಿರುವುದು ನಡೆಯುವವರಿಗೆ ಹತ್ತಿರದಿಂದ ಕಾಣುತ್ತದೆ. 1997ರಲ್ಲಿ ಈ ಕರಾವಳಿ ವಿಶ್ವ ಪರಂಪರೆಯ ತಾಣವಾಯಿತು. ಬೇಸಾಯ ಬಿಟ್ಟ ಕಡೆ ಗೋಡೆಗಳನ್ನು ಸರಿಪಡಿಸುವ ಕೈಗಳಿಲ್ಲ. ಅಲ್ಲಿ ಗುಡ್ಡವೇ ಜಾರುತ್ತದೆ.