ಹಿಂಗಾರಿನ ಹಸಿ, ಹಿತ್ತಲಿನ ಗಿಡ

ಹಸ್ತ ಮಳೆ ಮುಗಿದು ಚಿತ್ತಿ ಮಳೆ ಹೂಡುವ ಅಕ್ಟೋಬರ್ ಎರಡನೇ ವಾರದಿಂದ ಕಾರ್ತಿಕ ಕಳೆಯುವವರೆಗಿನ ಆರೇಳು ವಾರ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಹಿತ್ತಲುಗಳಿಗೆ ಎರಡು ಕಡೆಯ ಎಳೆದಾಟದ ಕಾಲ. ನೆಲದೊಳಗೆ ಹಸಿ ತುಂಬಿರುತ್ತದೆ. ಮೇಲೆ ಬಿಸಿಲು ಚುರುಕಾಗಿರುತ್ತದೆ, ಪಡುವಣದ ಮಳೆಗಾಳಿ ನಿಂತು ಮೂಡಣದ ಒಣಗಾಳಿ ತಿರುಗಿರುತ್ತದೆ. ನಾಲ್ಕು ತಿಂಗಳ ಮಳೆ ಮಣ್ಣಿನಲ್ಲಿ ಇಟ್ಟುಹೋದ ನೀರು ಬೇರಿಗೆ ಸಿಗುವುದೋ ಗಾಳಿಗೆ ಹಾರುವುದೋ ಎಂಬುದು ಈ ವಾರಗಳಲ್ಲೇ ತೀರ್ಮಾನವಾಗುತ್ತದೆ. ಹೊಲದ ರೈತ ಇದನ್ನು ಬಲ್ಲ. ಹಿಂಗಾರಿ ಜೋಳ, ಕಡಲೆ ಬೆಳೆಯುವುದೇ ಆ ಹಸಿಯ ಮೇಲೆ. ಮನೆಯ ಅಂಗಳದಲ್ಲಿ ಮಾತ್ರ ಮಳೆ ನಿಂತ ಮರುದಿನವೇ ನಳಕ್ಕೆ ಪೈಪು ಬೀಳುತ್ತದೆ.

ಐದೂ ತಾಲ್ಲೂಕು ಅಕ್ಕಪಕ್ಕದಲ್ಲಿದ್ದರೂ ಎಲ್ಲ ಕಡೆ ಮಳೆ ಒಂದೇ ಅಲ್ಲ. ಕೃಷಿ ಹವಾಮಾನ ವಲಯಗಳ ಲೆಕ್ಕದಲ್ಲಿ ಚಿಕ್ಕೋಡಿ ಮತ್ತು ಅದರಿಂದ ಬೇರೆಯಾದ ನಿಪ್ಪಾಣಿ ಉತ್ತರದ ಅರೆ ಮಲೆನಾಡಿನ ಅಂಚಿಗೆ, ಅಂದರೆ 8ನೇ ವಲಯಕ್ಕೆ ಸೇರುತ್ತವೆ. ರಾಯಬಾಗ, ಅಥಣಿ ಮತ್ತು ಅಥಣಿಯಿಂದ ಬೇರೆಯಾದ ಕಾಗವಾಡ ಉತ್ತರದ ಒಣ ವಲಯದಲ್ಲಿವೆ. ಅದು 3ನೇ ವಲಯ. ಸಹ್ಯಾದ್ರಿಗೆ ಹತ್ತಿರವಿರುವ ನಿಪ್ಪಾಣಿಯ ಪಶ್ಚಿಮದ ಗುಡ್ಡಗಳಲ್ಲಿ ಜೂನ್‌-ಜುಲೈ ಮಳೆಯೇ ದೊಡ್ಡದು, ಮಣ್ಣು ಕೆಂಪು. ಮೂಡಣಕ್ಕೆ ಹೋದಂತೆ ಮಳೆನೆರಳು ದಟ್ಟವಾಗಿ, ಅಥಣಿಯ ಕಡೆ ಸೆಪ್ಟೆಂಬರ್‌-ಅಕ್ಟೋಬರ್ ಮಳೆಯ ಮೇಲೇ ಹೆಚ್ಚಿನ ಭಾರ ಬೀಳುತ್ತದೆ. ನದಿಯ ಆಚೀಚೆ ಆಳವಾದ ಎರೆಮಣ್ಣು, ದಿಬ್ಬಗಳಲ್ಲಿ ಗರಸು ಬೆರೆತ ತೆಳುಮಣ್ಣು. ಎರೆಯ ಹಿತ್ತಲಿಗೆ ವಾರಕ್ಕೊಮ್ಮೆ ನೀರು ಸಾಕಾದರೆ ಗರಸಿನ ಹಿತ್ತಲು ಮೂರೇ ದಿನಕ್ಕೆ ಬಾಯಿ ಬಿಡುತ್ತದೆ. ಆದ್ದರಿಂದ ನೀರಿನ ಲೆಕ್ಕ ಶುರುವಾಗಬೇಕಾದದ್ದು ಮಣ್ಣಿನಿಂದ.

ನದಿ ಇದೆಯಲ್ಲ ಎಂಬ ಧೈರ್ಯ ಈ ಭಾಗದಲ್ಲಿ ಸಹಜ. ಕೃಷ್ಣೆ ಹರಿಯುತ್ತಾಳೆ, ವೇದಗಂಗೆಯನ್ನು ಕೂಡಿಕೊಂಡ ದೂಧಗಂಗೆ ಬಂದು ಸೇರುತ್ತಾಳೆ, ಹಿಡಕಲ್ ಜಲಾಶಯದ ಕಾಲುವೆ ನೀರೂ ಒಂದಷ್ಟು ಕಡೆಗೆ ಮುಟ್ಟುತ್ತದೆ. ಆದರೆ 2019ರಲ್ಲಿ ಬೇಸಿಗೆಗೆ ಕೃಷ್ಣೆ ಬತ್ತಿ, ಕುಡಿಯುವ ನೀರಿಗಾಗಿ ಮಹಾರಾಷ್ಟ್ರದ ಜಲಾಶಯಗಳಿಂದ ನೀರು ಬಿಡುವಂತೆ ಕರ್ನಾಟಕ ಕೇಳಬೇಕಾಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಅದೇ ನದಿ ಉಕ್ಕಿ ದಂಡೆಯ ಊರುಗಳನ್ನು ಮುಳುಗಿಸಿತು. ಮೇ ತಿಂಗಳ ಕೊರತೆಗೆ ದೀಪಾವಳಿಯ ಹೊತ್ತಿಗೆ ಹಿತ್ತಲಿಗೆ ಸುರಿದ ನೀರೇ ಕಾರಣ ಎನ್ನಲಾಗದು. ಆದರೂ ಬಾವಿ, ಬೋರವೆಲ್‌ಗಳಿಂದ ನೀರೆತ್ತುವ ಮನೆಗಳಲ್ಲಿ ಅಕ್ಟೋಬರ್‌ನಲ್ಲಿ ಉಳಿದ ನೀರು ಮುಂದಿನ ತಿಂಗಳುಗಳಿಗೆ ಆಗುತ್ತದೆ.

ಎರೆಮಣ್ಣಿನ ಸ್ವಭಾವ ವಿಚಿತ್ರ. ಅದರ ಜೇಡಿಯ ಕಣಗಳು ನೀರು ಕುಡಿದಾಗ ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಕುಗ್ಗಿದ ನೆಲ ಬಿರಿಯುತ್ತದೆ. ಮಳೆ ನಿಂತು ಹತ್ತು ಹದಿನೈದು ದಿನಕ್ಕೆ ದಾಸವಾಳದ ಬುಡದಲ್ಲಿ ಮೊದಲು ಕೂದಲೆಳೆಯಷ್ಟು ಗೆರೆ, ಆಮೇಲೆ ಬೆರಳು ತೂರುವಷ್ಟು ಸೀಳು ಕಾಣಿಸುತ್ತದೆ. ಈ ಬಿರುಕಿನಿಂದ ನಷ್ಟ ಎರಡು. ಆಳದ ಹಸಿ ಆ ಸೀಳುಗಳ ಗೋಡೆಯಿಂದಲೂ ಆರಿಹೋಗುತ್ತದೆ. ಮೇಲಿನಿಂದ ಪೈಪು ಹಿಡಿದರೆ ನೀರು ಬೇರಿನ ಹತ್ತಿರ ನಿಲ್ಲದೆ ಸೀಳಿನಲ್ಲಿ ಜಾರಿ ಕೆಳಗಿಳಿಯುತ್ತದೆ. ನೀರು ಬೇಗ ಇಂಗಿತು ಎಂದು ಮನೆಯವರು ಸಮಾಧಾನಪಡುವುದು ಇಂಥ ಹೊತ್ತಿನಲ್ಲೇ.

ಹಿಂಗಾರಿ ಜೋಳದಲ್ಲಿ ರೈತರು ಎಡೆ ಹೊಡೆಯುವುದು ಕಳೆ ತೆಗೆಯಲಿಕ್ಕೆ ಮಾತ್ರವಲ್ಲ, ಬಿರುಕು ಮುಚ್ಚಲಿಕ್ಕೂ ಹೌದು. ಹಿತ್ತಲಿಗೆ ಕುಂಟೆ ಬೇಡ, ಕುರಪಿ ಸಾಕು. ನೆಲ ಅಂಟುವಷ್ಟು ಹಸಿಯಾಗಿಯೂ ಇರಬಾರದು, ಹೆಂಟೆಗಟ್ಟುವಷ್ಟು ಒಣಗಿಯೂ ಇರಬಾರದು. ಅಂಥ ಹದದಲ್ಲಿ ಮೇಲಿನ ಎರಡು ಬೆರಳು ಮಣ್ಣನ್ನು ಕೆದಕಿ ಪುಡಿ ಮಾಡಿದರೆ ಅದೇ ಕೆಳಗಿನ ಹಸಿಗೆ ಹೊದಿಕೆಯಾಗುತ್ತದೆ. ಆಳಕ್ಕೆ ಅಗೆಯುವುದು ತಪ್ಪು. ಬೇರು ಕಡಿಯುತ್ತದೆ, ಒಳಗಿನ ಹಸಿ ಮಣ್ಣು ಮೇಲೆ ಬಂದು ಆರುತ್ತದೆ.

ಕೆದಕಿದ ನೆಲದ ಮೇಲೆ ಹಾಸಲು ಬೇಕಾದ ಮುಚ್ಚಿಗೆ ಈ ಸೀಮೆಗೆ ಸರಿಯಾಗಿ ಇದೇ ಹೊತ್ತಿಗೆ ಒದಗುತ್ತದೆ. ಸೋಯಾಬೀನ್ ರಾಶಿ ಮುಗಿದ ಕಣದಲ್ಲಿ ಹೊಟ್ಟು ಬಿದ್ದಿರುತ್ತದೆ. ಶೇಂಗಾ ಸಿಪ್ಪೆ ಸಿಗುತ್ತದೆ. ಸಕ್ಕರೆ ಕಾರ್ಖಾನೆಗಳ ನುರಿಸುವ ಹಂಗಾಮು ಶುರುವಾದೊಡನೆ ಕಬ್ಬಿನ ಗದ್ದೆಗಳಲ್ಲಿ ರವದಿ ರಾಶಿಯಾಗುತ್ತದೆ. ಅದರಲ್ಲಿ ಬಹಳಷ್ಟನ್ನು ಅಲ್ಲೇ ಸುಡುತ್ತಾರೆ. ಬೆಂಕಿಗೆ ಹೋಗುವ ಆ ರವದಿಯಲ್ಲಿ ಒಂದೆರಡು ಹೊರೆ ಮನೆಗೆ ತಂದು, ಗೇಣುದ್ದ ಕತ್ತರಿಸಿ, ನಾಲ್ಕು ಬೆರಳು ದಪ್ಪಕ್ಕೆ ಹಾಸಿದರೆ ಬಿಸಿಲು ನೇರ ಮಣ್ಣಿಗೆ ತಾಕುವುದಿಲ್ಲ, ಕಳೆಯೂ ಅಷ್ಟು ಏಳುವುದಿಲ್ಲ. ಕಾಂಡಕ್ಕೆ ತಾಗದಂತೆ ಒಂದು ಅಂಗೈಯಷ್ಟು ಜಾಗ ಬಿಡಬೇಕು, ಇಲ್ಲವಾದರೆ ಗೆದ್ದಲಿಗೆ ಏಣಿ ಹಾಕಿಕೊಟ್ಟಂತೆ. ಒಣ ರವದಿಯನ್ನು ಮಣ್ಣಿನಲ್ಲಿ ಬೆರೆಸಬಾರದು. ಕೊಳೆಯುವಾಗ ಅದು ಮಣ್ಣಿನ ಸಾರಜನಕವನ್ನು ಎಳೆದುಕೊಂಡು ಗಿಡದ ಎಲೆ ಹಳದಿಯಾಗುತ್ತದೆ. ಮೇಲೆ ಹಾಸಿದ್ದು ಮೇಲೇ ಇರಲಿ.

ನೀರು ಬೇಕೋ ಬೇಡವೋ ಎಂಬುದನ್ನು ಮಧ್ಯಾಹ್ನ ಬಾಡಿದ ಎಲೆ ನೋಡಿ ನಿರ್ಧರಿಸುವುದು ಸಾಮಾನ್ಯ ತಪ್ಪು. ಬಿಸಿಲೇರಿದಾಗ ಸೊರಗಿ ಸಂಜೆಗೆ ಚೇತರಿಸಿಕೊಳ್ಳುವ ಬದನೆಗೆ ನೀರಿನ ಕೊರತೆ ಇಲ್ಲ. ಬೆಳಗಿನ ಜಾವವೂ ಎಲೆ ಜೋತಿದ್ದರೆ ಇದೆ. ನಾಲ್ಕು ಬೆರಳು ಆಳದ ಮಣ್ಣನ್ನು ಹಿಡಿ ತೆಗೆದು ಒತ್ತಿದಾಗ ಉಂಡೆಯಾಗಿ ನಿಂತರೆ ಇನ್ನೂ ಕಾಯಬಹುದು, ಉದುರಿದರೆ ನೀರು ಕೊಡಬೇಕು. ಕೊಡುವಾಗ ಮುಂಜಾನೆಯೇ, ಬುಡದ ಪಾತಿಗೇ ಕೊಡಬೇಕು. ಸಂಜೆ ಎಲೆ ತೋಯಿಸಿದರೆ ಕಾರ್ತಿಕದ ಇಬ್ಬನಿ ಜೊತೆಗೂಡಿ ರಾತ್ರಿಯೆಲ್ಲ ಒದ್ದೆ ಉಳಿದು ಎಲೆರೋಗಗಳಿಗೆ ದಾರಿಯಾಗುತ್ತದೆ. ಪೈಪಿನಿಂದ 15 ಲೀಟರಿನ ಕೊಡ ಎಷ್ಟು ಹೊತ್ತಿಗೆ ತುಂಬುತ್ತದೆ ಎಂದು ಒಮ್ಮೆ ಗಡಿಯಾರ ನೋಡಿದರೆ ಕಣ್ಣು ತೆರೆಯುತ್ತದೆ: ಒಂದು ನಿಮಿಷಕ್ಕೆ ತುಂಬಿದರೆ, ಪೈಪು ಬಿಟ್ಟು ಚಹಾ ಕುಡಿದು ಬರುವ 20 ನಿಮಿಷಕ್ಕೆ 300 ಲೀಟರ್.

ಹುಲ್ಲುಹಾಸು ಈ ಊರುಗಳಿಗೆ ಹೊಸದು. ಹೊಸ ಬಡಾವಣೆಗಳ ಮನೆ ಮುಂದೆ ಬಂಗಲೆಯ ಕಳೆಗಾಗಿ ಬಂದದ್ದು. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ನೀರು ಎಂದರೆ ಒಂದು ಲೀಟರ್. ಅಕ್ಟೋಬರ್ ಬಿಸಿಲಿಗೆ ದಿನಕ್ಕೆ 4 ಮಿಲಿಮೀಟರ್ ಆರುತ್ತದೆ ಎಂದು ಹಿಡಿದರೆ, 20 ಅಡಿಗೆ 30 ಅಡಿಯ ಹುಲ್ಲು ದಿನಕ್ಕೆ ಸುಮಾರು 220 ಲೀಟರ್, ಹೆಚ್ಚುಕಡಿಮೆ 15 ಕೊಡ, ಕುಡಿಯುತ್ತದೆ. ಹಾಸು ಬೇಕೇ ಬೇಕು ಎನ್ನುವವರಿಗೆ ಗಣಪತಿಗೆ ಏರಿಸುವ ಕರಕಿಯೇ ಲೇಸು. ನೀರು ಕಡಿಮೆಯಾದಾಗ ಅದು ಕಂದುಬಣ್ಣಕ್ಕೆ ತಿರುಗಿ ಮಲಗುತ್ತದೆ. ಬೇರು ಜೀವ ಹಿಡಿದಿದ್ದು ಮಳೆ ಬಿದ್ದೊಡನೆ ಚಿಗುರುತ್ತದೆ. ಕಂದಾದ ಕರಕಿಯನ್ನು ಸತ್ತಿತೆಂದು ತಿಳಿದು ನೀರು ಸುರಿಯುವುದೇ ದೊಡ್ಡ ಪೋಲು. ಮಳೆ ನಿಂತ ಮೇಲೆ ಹುಲ್ಲನ್ನು ನೆಲಮಟ್ಟಕ್ಕೆ ಹೆರೆಯದೆ ಎರಡು ಬೆರಳಷ್ಟು ಎತ್ತರ ಬಿಟ್ಟರೆ ತನ್ನ ಬುಡಕ್ಕೆ ತಾನೇ ನೆರಳಾಗುತ್ತದೆ. ತುಂತುರು ನಳಿಗೆ ಇದ್ದವರು ಹುಲ್ಲಿನ ಮೇಲೆ ನೇರ ಗೋಡೆಯ ಎರಡು ಡಬ್ಬಿ ಇಟ್ಟು, ನೀರು ಎಷ್ಟು ಏರಿತು ಎಂದು ಅಳತೆಪಟ್ಟಿಯಿಂದ ನೋಡಿದರೆ ಎಷ್ಟು ಹೊತ್ತು ಬಿಡಬೇಕೆಂಬುದು ತಿಳಿಯುತ್ತದೆ.

ಈ ಋತುವಿನ ಅತ್ಯಂತ ಜಾಣ ನೀರಾವರಿ ನಡೆಯುವುದು ತೋಟದಲ್ಲಲ್ಲ, ದೇವರ ಮನೆಯಲ್ಲಿ. ನವರಾತ್ರಿಯ ಮೊದಲ ದಿನ ಘಟ ಹಾಕುವ ಮನೆಗಳಲ್ಲಿ ಹೊಲದ ಎರೆಮಣ್ಣು ತಂದು ಹರಡಿ, ಅದರಲ್ಲಿ ಧಾನ್ಯ ಬಿತ್ತಿ, ನಡುವೆ ನೀರು ತುಂಬಿದ ಮಣ್ಣಿನ ಗಡಿಗೆ ಇಡುತ್ತಾರೆ. ಗಡಿಗೆಯ ಮೈಯಿಂದ ಜಿನುಗುವ ತೇವಕ್ಕೆ ಒಂಬತ್ತು ದಿನದಲ್ಲಿ ಗೇಣುದ್ದ ಸಸಿ ಏಳುತ್ತದೆ, ದಸರೆಯ ದಿನ ಟೊಪ್ಪಿಗೆಗೂ ತುರುಬಿಗೂ ಏರುತ್ತದೆ. ಇದೇ ಗಡಿಗೆಯನ್ನು ಹಿತ್ತಲಲ್ಲಿ ಕತ್ತಿನವರೆಗೆ ಹೂತರೆ ಗಡಿಗೆ ನೀರಾವರಿ. ಸುತ್ತಲಿನ ಮಣ್ಣು ಒಣಗಿದಂತೆ ಅದರ ಎಳೆತ ಹೆಚ್ಚಿ ನೀರು ಹೊರಬರುತ್ತದೆ, ಮಣ್ಣು ತೇವವಾದರೆ ತಾನೇ ನಿಧಾನವಾಗುತ್ತದೆ. ಕ್ರಿಸ್ತಪೂರ್ವ 1ನೇ ಶತಮಾನದ ಚೀನೀ ಕೃಷಿಗ್ರಂಥವೊಂದರಲ್ಲೂ ಈ ವಿಧಾನದ ವಿವರಣೆಯಿದೆ. ಬಣ್ಣ ಬಳಿಯದ, ಹೊಳಪು ಕೊಡದ ಐದಾರು ಲೀಟರಿನ ಗಡಿಗೆ ಬೇಕು. ಬಾಯಿಗೆ ಮುಚ್ಚಳ ಕಡ್ಡಾಯ. ಸುತ್ತ ಹೀರೆ, ಬದನೆ, ಟೊಮ್ಯಾಟೊ ಹಚ್ಚಬಹುದು. ವರ್ಷ ತುಂಬದ ಚಿಕ್ಕು, ಮಾವಿನ ಸಸಿಯ ಪಕ್ಕದಲ್ಲೂ ಹೂಳಬಹುದು. ನೀರಿನಲ್ಲಿ ಉಪ್ಪಿದ್ದರೆ ರಂಧ್ರ ಕಟ್ಟಿಕೊಂಡು ಗಡಿಗೆ ಕೆಲಸ ನಿಲ್ಲಿಸುತ್ತದೆ.

ಉಪ್ಪಿನ ಮಾತು ಇಲ್ಲಿ ಹಗುರದ್ದಲ್ಲ. ಕೃಷ್ಣೆಯ ದಂಡೆಯಲ್ಲಿ ಕಬ್ಬಿಗೆ ಮಿತಿಮೀರಿ ನೀರುಣಿಸಿ ಸವಳು-ಜವಳಾದ ಭೂಮಿಯನ್ನು ಸರಿಪಡಿಸಲು ಉಗಾರ ಬುದ್ರುಕದಂಥ ಊರುಗಳಲ್ಲಿ ನೆಲದೊಳಗೆ ಬಸಿಗೊಳವೆ ಹೂಡಬೇಕಾಯಿತು. ಹಿತ್ತಲಲ್ಲೂ ಅದೇ ನಡೆಯುತ್ತದೆ, ಸಣ್ಣದಾಗಿ. ಸವಳು ಬೋರವೆಲ್ ನೀರನ್ನು ದಿನಾ ಸ್ವಲ್ಪ ಸ್ವಲ್ಪ ಹಾಕಿದ ಕುಂಡದ ಅಂಚಿಗೆ ಬಿಳಿ ಪುಡಿ ಕಟ್ಟುತ್ತದೆ. ನೀರು ಶುದ್ಧ ಮಾಡುವ ಯಂತ್ರದಿಂದ ಹೊರಬೀಳುವ ತ್ಯಾಜ್ಯ ನೀರು ಇನ್ನೂ ಉಪ್ಪು. ಅದು ನೆಲ ಒರೆಸಲು ಸರಿ, ಗಿಡಕ್ಕಲ್ಲ. ಅಕ್ಕಿ, ಬೇಳೆ, ಕಾಯಿಪಲ್ಲೆ ತೊಳೆದ ನೀರು ಹೆಚ್ಚಿನ ಗಿಡಗಳಿಗೆ ಆದೀತು. ಬಚ್ಚಲ ನೀರಿಗೆ ಹಿಂದಿನಿಂದಲೂ ಬಾಳೆ, ತೆಂಗು, ಕೆಸುವು ಇದ್ದವು, ಅವೇ ಇರಲಿ. ಬಟ್ಟೆ ಒಗೆದ ಪುಡಿಯ ನೀರಿನಲ್ಲಿರುವ ಸೋಡಿಯಂ ಎರೆಮಣ್ಣನ್ನು ಕಲಸಿ ಗಟ್ಟಿ ಪದರ ಮಾಡುವುದರಿಂದ ಅದನ್ನು ದೂರವಿಡಬೇಕು. ಹಸಿಯಾಗಿ ತಿನ್ನುವ ಹಕ್ಕರಕಿ, ಕೊತ್ತಂಬರಿಗೆ ಬಳಸಿದ ನೀರು ಯಾವುದೂ ಬೇಡ.

ಚಿತ್ತಿ, ಸ್ವಾತಿ ಮಳೆಗಳು ಬಿದ್ದರೆ ಒಮ್ಮೆಲೇ ಸುರಿದು ಹೋಗುವುದುಂಟು. 1,000 ಚದರಡಿ ಮಾಳಿಗೆಯ ಮೇಲೆ 20 ಮಿಲಿಮೀಟರ್ ಮಳೆಯಾದರೆ, ಐದರಲ್ಲೊಂದು ಪಾಲು ಕಳೆದರೂ ಸುಮಾರು 1,500 ಲೀಟರ್ ಕೈಗೆ ಸಿಗುತ್ತದೆ. ಅದರಲ್ಲಿ ಉಪ್ಪಿಲ್ಲ, ಕುಂಡಗಳಿಗೂ ಗಡಿಗೆಗೂ ಅದಕ್ಕಿಂತ ಒಳ್ಳೆಯ ನೀರಿಲ್ಲ. ಹಿಡಿದಿಟ್ಟ ಪೀಪಾಯಿಗೆ ಬಟ್ಟೆ ಕಟ್ಟಬೇಕು, ಕುಂಡದ ಕೆಳಗಿನ ತಟ್ಟೆಯನ್ನು ವಾರದೊಳಗೆ ಬರಿದು ಮಾಡಬೇಕು. ಮಳೆಗಾಲ ಮುಗಿದ ಈ ತಿಂಗಳುಗಳೇ ಡೆಂಗಿ ಸೊಳ್ಳೆಯ ಕಾಲ.

ದೀಪಾವಳಿ ಮುಗಿದ ಮೇಲೆ ಚೆಂಡು ಹೂವಿನ ಗಿಡಗಳಿಗೆ ನೀರು ಹಾಕುತ್ತಲೇ ಇರುವುದು ಮಮತೆಯೇ ಹೊರತು ಲೆಕ್ಕವಲ್ಲ. ಅವನ್ನು ಕೊಯ್ದು ಅಲ್ಲೇ ಹಾಸಿ, ತೆರವಾದ ಮಡಿಯಲ್ಲಿ ಮೆಂತ್ಯ, ಮೂಲಂಗಿ, ಹಕ್ಕರಕಿ ಬಿತ್ತಿದರೆ ನೆಲದ ಹಸಿಗೇ ಮೊಳಕೆ ಏಳುತ್ತದೆ. ಮೆಂತ್ಯ ಒಂದು ತಿಂಗಳೊಳಗೆ ಅಡುಗೆಮನೆಗೆ ಬರುತ್ತದೆ. ಗೌರಿ ಹುಣ್ಣಿಮೆಯ ಹೊತ್ತಿಗೆ ಚಳಿ ಹತ್ತಿ ಗಿಡಗಳ ನೀರಡಿಕೆ ಇಳಿಯುತ್ತದೆ. ನಾಲ್ಕು ದಿನಕ್ಕೊಮ್ಮೆ ನೀರುಣ್ಣುತ್ತಿದ್ದ ಮಡಿಗೆ ಆಗ ವಾರಕ್ಕೊಮ್ಮೆ ಸಾಕು, ಬೇರೂರಿದ ದಾಸವಾಳ, ಕರಿಬೇವು, ಮಲ್ಲಿಗೆಗೆ ಅದಕ್ಕಿಂತಲೂ ತಡವಾಗಿ.