ಗೋಡೆ ಬಿರುಕಿಗೆ ಬಿಲ್ಡರನೇ ಹೊಣೆ: ಐದು ವರ್ಷದ ಮುದ್ದತ್ತು ಮರೆಯದಿರಿ

ಮಿರಜ: ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಅಂದರು ಹಿರಿಯರು. ಕಟ್ಟುವ ತ್ರಾಸೇ ಬೇಡ ಎಂದು ಕಟ್ಟಿದ ಮನೆಯನ್ನೇ ಕೊಂಡವರಿಗೂ ನೆಮ್ಮದಿ ಸಿಕ್ಕೇ ಸಿಗುತ್ತದೆ ಎನ್ನುವಂತಿಲ್ಲ.

ಅಥಣಿ, ಕಾಗವಾಡ, ರಾಯಬಾಗ, ಜತ್ತ ಕಡೆಯಿಂದ ನೌಕರಿ, ದವಾಖಾನೆ, ಮಕ್ಕಳ ಶಾಲೆ ಅಂತ ಮಿರಜ-ಸಾಂಗಲಿಗೆ ಬಂದು ನೆಲೆ ನಿಂತ ಕನ್ನಡ ಕುಟುಂಬಗಳು ಹಲವು. ಪೀಕಿನ ರೊಕ್ಕ, ನಿವೃತ್ತಿ ಹಣ, ಮೇಲೊಂದಿಷ್ಟು ಬ್ಯಾಂಕ್ ಸಾಲ ಕೂಡಿಸಿ ಫ್ಲಾಟ್ ಹಿಡಿಯುತ್ತಾರೆ. ಮೊದಲ ಮಳೆಗಾಲಕ್ಕೇ ಛತ್ತು ಸೋರಿದರೆ, ಬಚ್ಚಲ ಗೋಡೆ ಹಸಿಯಾಗಿ ಬಣ್ಣ ಉದುರಿದರೆ ಬಿಲ್ಡರನ ಬಳಿ ಓಡುತ್ತಾರೆ. ‘ಮಳಿ ನಿಲ್ಲಲಿ ಕಾಕಾ, ಮಾಡಿಸಿಕೊಡ್ತೀನಿ’ ಎಂಬ ಉತ್ತರ ಸಿಗುತ್ತದೆ. ಮಳೆ ನಿಲ್ಲುತ್ತದೆ, ವರ್ಷ ಉರುಳುತ್ತದೆ, ಕೆಲಸ ಮಾತ್ರ ಆಗುವುದಿಲ್ಲ.

ಎಡವುವುದು ಇಲ್ಲಿಯೇ. ದುರಸ್ತಿ ಎಂಬುದು ಬಿಲ್ಡರ್ ಮಾಡುವ ಉಪಕಾರವಲ್ಲ, ಕಾಯ್ದೆ ಕೊಟ್ಟ ಹಕ್ಕು. ಆದರೆ ಆ ಹಕ್ಕಿಗೊಂದು ಮುದ್ದತ್ತು ಇದೆ. ಬಾಯಿಮಾತಿನಲ್ಲಿ ದಿನ ಕಳೆದವರು ಅದನ್ನು ಕಳೆದುಕೊಳ್ಳುತ್ತಾರೆ.

ಕಾಯ್ದೆ ಏನು ಹೇಳುತ್ತದೆ?

ಮಹಾರಾಷ್ಟ್ರದಲ್ಲಿ 1963ರಲ್ಲೇ ಫ್ಲಾಟ್ ಮಾಲೀಕತ್ವದ ಕಾಯ್ದೆ (ಮೋಫಾ) ಬಂತು. ಅದರಲ್ಲಿ ಕಟ್ಟಡ ದೋಷಕ್ಕೆ ಇದ್ದ ಮುದ್ದತ್ತು ಮೂರು ವರ್ಷ. ಕೇಂದ್ರ ಸರ್ಕಾರದ 2016ರ ರಿಯಲ್ ಎಸ್ಟೇಟ್ ಕಾಯ್ದೆ, ಅಂದರೆ ‘ರೇರಾ’, 2017ರ ಮೇ 1ರಿಂದ ಪೂರ್ಣವಾಗಿ ಜಾರಿಗೆ ಬಂದ ಮೇಲೆ ಅದು ಐದು ವರ್ಷವಾಯಿತು.

ರೇರಾದ 14(3)ನೇ ಕಲಮಿನ ಪ್ರಕಾರ ಮನೆ ತಾಬಾ ಕೊಟ್ಟ ದಿನದಿಂದ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಿ, ಕೆಲಸಗಾರಿಕೆಯಲ್ಲಿ, ಗುಣಮಟ್ಟದಲ್ಲಿ ಅಥವಾ ಸೌಲಭ್ಯಗಳಲ್ಲಿ ದೋಷ ಕಂಡು, ಅದನ್ನು ಬಿಲ್ಡರನ ಗಮನಕ್ಕೆ ತಂದರೆ, 30 ದಿನದೊಳಗೆ ಆತ ಬಿಟ್ಟಿಯಾಗಿ ಸರಿಪಡಿಸಬೇಕು. ಮಾಡದಿದ್ದರೆ ಪರಿಹಾರ ಕೇಳಬಹುದು. ಸೋರುವ ಛತ್ತು, ಕಿತ್ತೇಳುವ ಫರಸಿ, ಒಡೆದ ಪೈಪು, ಬಿರುಕು ಬಿಟ್ಟ ತೊಲೆ ಎಲ್ಲವೂ ಇದರೊಳಗೆ ಬರುತ್ತವೆ.

‘ಕರಾರಿನಲ್ಲಿ ಹಾಂಗ ಬರ್ದಿಲ್ಲಲ್ರೀ’ ಎಂದು ಬಿಲ್ಡರ್ ಹೇಳಿದರೆ ಹೆದರಬೇಕಿಲ್ಲ. ದೋಷ ಹೊಣೆಯ ಕಲಮನ್ನು ಕರಾರುಪತ್ರದಲ್ಲಿ ಬದಲಿಸುವಂತಿಲ್ಲ ಎಂದು ‘ಮಹಾರೇರಾ’ ಪ್ರಾಧಿಕಾರ 2022ರ ಡಿಸೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ.

ಎರಿಮಣ್ಣು, ಮಹಾಪೂರದ ನೆಪ

ಕೃಷ್ಣಾ ದಂಡೆಯ ಎರಿಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಬಾಯಿ ಬಿಡುತ್ತದೆ. ಬುನಾದಿ ಗಟ್ಟಿ ನೆಲದವರೆಗೆ ಇಳಿಯದಿದ್ದರೆ ಗೋಡೆಗಳು ಓರೆಯಾಗಿ ಸೀಳುತ್ತವೆ. 2005, 2019 ಮತ್ತು 2021ರ ಮಹಾಪೂರಗಳನ್ನು ಸಾಂಗಲಿ ಕಂಡಿದೆ. ಹೀಗಾಗಿ ‘ಇದು ಮಣ್ಣಿನ ಗುಣ’, ‘ಇದು ಪೂರದ ಹಾನಿ’ ಎಂದು ಜಾರಿಕೊಳ್ಳಲು ಅವಕಾಶ ಹೆಚ್ಚು. ಆದರೆ ಮಣ್ಣು ಎಂಥದ್ದೆಂದು ಪರೀಕ್ಷಿಸಿ ಬುನಾದಿ ಹಾಕುವುದು ಕಟ್ಟುವವನ ಕೆಲಸ, ಕೊಳ್ಳುವವನದಲ್ಲ.

ಉಷ್ಣತೆಯ ಏರಿಳಿತದಿಂದ ಬೀಳುವ ಕೂದಲೆಳೆಯ ಬಿರುಕು ದೋಷವಲ್ಲ ಎಂಬ ಷರತ್ತು ಹಲವು ಕರಾರುಪತ್ರಗಳಲ್ಲಿ ಇರುತ್ತದೆ. ಸ್ವತಂತ್ರ ಸ್ಟ್ರಕ್ಚರಲ್ ಎಂಜಿನಿಯರ್ ವರದಿ ಬೇಕಾಗುವುದು ಇದಕ್ಕೇ. ಬಿರುಕು ಗಿಲಾವಿನಲ್ಲಿದೆಯೋ, ಕಾಂಕ್ರೀಟಿನಲ್ಲಿದೆಯೋ ಎಂಬುದನ್ನು ಆ ವರದಿ ಹೇಳಬೇಕು. ಇನ್ನೊಂದು ಮಾತು: ಬಿಲ್ಡರನ ಲಿಖಿತ ಒಪ್ಪಿಗೆ ಇಲ್ಲದೆ ಗೋಡೆ ಒಡೆದು ಅಡುಗೆಮನೆ ದೊಡ್ಡದು ಮಾಡಿದರೆ, ಬಚ್ಚಲಿನ ಪೈಪು ತಿರುಗಿಸಿದರೆ ‘ದೋಷ ನಿಮ್ಮದೇ’ ಎನ್ನಲು ದಾರಿ ಮಾಡಿಕೊಟ್ಟಂತೆ.

ಸಣ್ಣ ಕಟ್ಟಡವಾದರೆ?

ಮಿರಜದಂಥ ಊರಿನಲ್ಲಿ ಮುಖ್ಯ ಪ್ರಶ್ನೆ ಇದು. ಜಾಗ 500 ಚದರ ಮೀಟರ್, ಅಂದರೆ ಸುಮಾರು ಐದು ಗುಂಟೆ ಮೀರದಿದ್ದರೆ ಅಥವಾ ಮನೆಗಳು ಎಂಟಕ್ಕಿಂತ ಹೆಚ್ಚಿಲ್ಲದಿದ್ದರೆ ರೇರಾ ನೋಂದಣಿ ಕಡ್ಡಾಯವಲ್ಲ. ಗುಂಠೇವಾರಿ ಜಾಗಗಳಲ್ಲಿ ಎದ್ದ ಎಷ್ಟೋ ಸಣ್ಣ ಕಟ್ಟಡಗಳು ಈ ಲೆಕ್ಕದಲ್ಲಿ ಹೊರಗುಳಿಯುತ್ತವೆ. ಅಂಥ ಜಾಗ 2001ರ ಗುಂಠೇವಾರಿ ಕಾಯ್ದೆಯಡಿ ಸಕ್ರಮವಾಗಿದ್ದರೂ, ಅದು ಜಾಗದ ಮಾತು. ಮನೆಯ ಗಟ್ಟಿತನಕ್ಕೆ ಅದು ಖಾತ್ರಿಯಲ್ಲ.

ಹೀಗೆ ಹೊರಗುಳಿದವರಿಗೆ ಮತ್ತು ಸ್ವಂತ ಜಾಗದಲ್ಲಿ ಗುತ್ತಿಗೆ ಕೊಟ್ಟು ಮನೆ ಕಟ್ಟಿಸಿದವರಿಗೆ ಗ್ರಾಹಕ ಆಯೋಗದ ಬಾಗಿಲು ತೆರೆದಿದೆ. ಮನೆ ಕಟ್ಟಿಕೊಡುವುದು ‘ಸೇವೆ’, ಅದರಲ್ಲಿನ ಕೊರತೆಗೆ ಗ್ರಾಹಕ ಕಾಯ್ದೆ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 1993ರಲ್ಲೇ ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ರೇರಾ ಇದ್ದ ಮಾತ್ರಕ್ಕೆ ಗ್ರಾಹಕ ಆಯೋಗದ ದಾರಿ ಮುಚ್ಚುವುದಿಲ್ಲ ಎಂದು 2020ರಲ್ಲಿ ಇಂಪೀರಿಯಾ ಪ್ರಕರಣದಲ್ಲಿ ಹೇಳಿದೆ. ಆದರೆ ಒಂದೇ ಪರಿಹಾರಕ್ಕೆ ಎರಡೂ ಕಡೆ ಅಲೆಯುವಂತಿಲ್ಲ, ಒಂದನ್ನು ಆರಿಸಿಕೊಳ್ಳಬೇಕು.

ಗಡಿ ದಾಟಿದವರಿಗೆ ಅನುಕೂಲ

2020ರ ಜುಲೈನಲ್ಲಿ ಜಾರಿಯಾದ ಹೊಸ ಗ್ರಾಹಕ ಕಾಯ್ದೆಯಲ್ಲಿ ಗಡಿಭಾಗದವರು ತಿಳಿಯಲೇಬೇಕಾದ ಅಂಶವೊಂದಿದೆ. ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಮಿರಜದಲ್ಲಿ ಫ್ಲಾಟ್ ಕೊಂಡು ಅಥಣಿಯಲ್ಲೇ ವಾಸವಾಗಿರುವವರು ಬೆಳಗಾವಿ ಜಿಲ್ಲಾ ಆಯೋಗಕ್ಕೆ ಹೋಗಬಹುದು. ಮಿರಜದಲ್ಲೇ ಇರುವವರಿಗೆ ಸಾಂಗಲಿ ಆಯೋಗ. ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗವೇ ಸಾಕು. ವಕೀಲರು ಬೇಕೇ ಬೇಕೆಂದಿಲ್ಲ. ಆದರೆ ದೂರಿನ ಕಾರಣ ಹುಟ್ಟಿದ ಎರಡು ವರ್ಷದೊಳಗೆ ಹೋಗಬೇಕು.

ರೇರಾ ದೂರು ಮಾತ್ರ ಕಟ್ಟಡ ಇರುವ ರಾಜ್ಯದಲ್ಲೇ. ಮಿರಜದ ಮನೆಗೆ ಬೆಂಗಳೂರಿನ ಕರ್ನಾಟಕ ರೇರಾ ಕಚೇರಿಗೆ ಹೋದರೆ ಉಪಯೋಗವಿಲ್ಲ. ಮಹಾರೇರಾಗೆ ಆನ್‌ಲೈನ್‌ನಲ್ಲಿ ದೂರು ಸಲ್ಲಿಸಬೇಕು. ಪರಿಹಾರದ ಆದೇಶವಾಗಿಯೂ ಬಿಲ್ಡರ್ ಹಣ ಕೊಡದಿದ್ದರೆ ಭೂಕಂದಾಯ ಬಾಕಿಯಂತೆ ವಸೂಲಿಗೆ ಅವಕಾಶವಿದೆ.

ಇಷ್ಟು ಮಾಡಿ

* ಶೇ 10ಕ್ಕಿಂತ ಹೆಚ್ಚು ಮುಂಗಡ ಕೊಡುವ ಮೊದಲು ಕರಾರುಪತ್ರ ನೋಂದಣಿಯಾಗಲಿ. ರೇರಾ ಯೋಜನೆಗಳಲ್ಲಿ ಇದು ಕಡ್ಡಾಯ.

* ಮರಾಠಿ ಅಥವಾ ಇಂಗ್ಲಿಷ್ ಕರಾರುಪತ್ರವನ್ನು ತಿಳಿದವರಿಂದ ಓದಿಸಿ, ಅರ್ಥ ಮಾಡಿಕೊಂಡೇ ಸಹಿ ಹಾಕಿ. ನಮ್ಮ ಕಡೆಯ ಪಹಣಿಯಂತೆ ಇಲ್ಲಿ ‘ಸಾತ್‌ಬಾರಾ’; ಅದರ ಜತೆಗೆ ಮಹಾನಗರಪಾಲಿಕೆಯ ‘ಭೋಗವಟಾ’ ಪ್ರಮಾಣಪತ್ರವನ್ನೂ ಕೇಳಿ.

* ತಾಬಾ ಪತ್ರದ ಮೇಲೆ ತಾರೀಕು ಇರಲಿ. ಐದು ವರ್ಷದ ಲೆಕ್ಕ ಶುರುವಾಗುವುದು ತಾಬಾ ಸಿಕ್ಕ ದಿನದಿಂದ.

* ದೋಷ ಕಂಡಾಗ ತಾರೀಕು ಸಹಿತ ಫೋಟೊ ತೆಗೆದು, ಸ್ಪೀಡ್ ಪೋಸ್ಟ್ ಮತ್ತು ಇ-ಮೇಲ್ ಮೂಲಕ ತಿಳಿಸಿ. ಪಾವತಿ ಜೋಪಾನ ಮಾಡಿ.

* ನಿಮ್ಮ ಫ್ಲಾಟಿಗೆ ನಾಲ್ಕು ವರ್ಷ ಮುಗಿದಿದ್ದರೆ ಇಂದೇ ಛತ್ತು, ಗೋಡೆ, ಪೈಪು ಎಲ್ಲ ನೋಡಿ. ನೆರೆಯವರೊಡನೆ ಕೂಡಿ ಅರ್ಜಿ ಕೊಟ್ಟರೆ ಬಲ ಹೆಚ್ಚು, ಎಂಜಿನಿಯರ್ ಖರ್ಚೂ ಹಂಚಿಹೋಗುತ್ತದೆ.

ಬಿಲ್ಡರ್ ಪರಿಚಯದವರೇ ಇರಬಹುದು, ಬೀಗರ ಊರಿನವರೇ ಇರಬಹುದು. ಪತ್ರ ಬರೆದರೆ ಸಂಬಂಧ ಕೆಡುತ್ತದೆ ಎಂಬ ಸಂಕೋಚ ಬೇಡ. ಬರೆಯದೆ ಉಳಿದರೆ ಐದು ವರ್ಷ ಮುಗಿದ ಮೇಲೆ ದುರಸ್ತಿಯ ಖರ್ಚು ಬೀಳುವುದು ಮನೆಯವರ ತಲೆಯ ಮೇಲೆಯೇ.